ಎರಡು ‘ನಾವು’, ಒಂದು ಖಾಲಿ ಕುರ್ಚಿ

“ಮೇಡಂ, ಈಗ ಏನ್ ಪಾಸಾಯ್ತ್ರಿ?”

ಕಳೆದ ಭಾನುವಾರ ನಮ್ಮ ಟ್ರಸ್ಟಿನ ಮೀಟಿಂಗಿನಲ್ಲಿ ಪಕ್ಕದಲ್ಲಿ ಕೂತಿದ್ದ ರೇಣುಕಾ ನನ್ನ ಕಿವಿಯಲ್ಲಿ ಕೇಳಿದಳು. ನಮ್ಮಿಬ್ಬರನ್ನು ಬಿಟ್ಟು ಉಳಿದವರೆಲ್ಲ ಆಗಷ್ಟೇ ಕೈ ಎತ್ತಿ ಇಳಿಸಿದ್ದರು. ಯಾವುದಕ್ಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹುಡುಗಿ ನಿದ್ದೆ ಹೋಗಿರಲಿಲ್ಲ. ಕಿವಿಯೂ ಚೆನ್ನಾಗಿದೆ. ಹಾಗಾದರೆ?

ಸ್ವಲ್ಪ ಹಿಂದಕ್ಕೆ ಹೋಗೋಣ.

ಮುಂಬೈ ಹೊರವಲಯದ ಕಲ್ಯಾಣದಲ್ಲಿರುವ ನಮ್ಮ ಪುಟ್ಟ ಟ್ರಸ್ಟು, ಲೋಕಲ್ ರೈಲಿನಲ್ಲಿ ಹೋಗಬೇಕಾದ ಕಳವಾ ಎಂಬಲ್ಲಿ ಕೂಲಿಕಾರರ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತದೆ. ಮಕ್ಕಳೆಲ್ಲ ಕಲಬುರಗಿ, ವಿಜಯಪುರ, ರಾಯಚೂರು ಕಡೆಯವರು. ಟ್ರಸ್ಟಿಗಳೆಲ್ಲ ಉಡುಪಿ, ಮಂಗಳೂರು ಕಡೆಯವರು. (ನಾನೊಬ್ಬಳು ಮೈಸೂರಿನಿಂದ ಡೊಂಬಿವಿಲಿಗೆ ಬಂದವಳು, ಮೀಟಿಂಗಿನಲ್ಲಿ ವೋಟಿಲ್ಲದವಳು. ಆಟಕ್ಕುಂಟು, ಲೆಕ್ಕಕ್ಕಿಲ್ಲ.) ಇತ್ತೀಚೆಗೆ ಒಬ್ಬ ಟ್ರಸ್ಟಿ ಮಗಳ ಮನೆಗೆಂದು ಪುಣೆ ಸೇರಿದರು. ಕುರ್ಚಿ ಖಾಲಿಯಾಯಿತು. ಹುಡುಕಾಟ ಶುರುವಾಯಿತು.

ವಾಶಿಯ ಸಿ.ಎ. ಒಬ್ಬರು ಹೇಳಿದರು, “ಹೆಸರು ಹಾಕ್ಕೊಳ್ಳಿ, ಮೀಟಿಂಗಿಗೆ ಮಾತ್ರ ಕರೀಬೇಡಿ.” ಬೇಲಾಪುರದಲ್ಲಿ ದೊಡ್ಡ ಹುದ್ದೆಯಲ್ಲಿರುವ ಇನ್ನೊಬ್ಬರು ಟ್ರಸ್ಟಿನ ಕೆಲಸ ಏನೆಂದು ಕೇಳಲೇ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಎಷ್ಟನೆಯದು ಎಂದು ಕೇಳಿದರು. ಥಾಣೆಯ ಹೋಟೆಲ್ ಮಾಲೀಕರು ಬಿಸಿ ಬನ್ಸ್ ಕೊಟ್ಟು, “ನೋಡುವ” ಅಂದರು. ಕರಾವಳಿಯವರು ‘ನೋಡುವ’ ಅಂದರೆ ಅದು ಮುಗಿದ ಕತೆ ಎಂದು ಇಷ್ಟು ವರ್ಷಗಳಲ್ಲಿ ಕಲಿತಿದ್ದೇನೆ.

ಆಗ ನಾನು ರೇಣುಕಾಳ ಹೆಸರು ಹೇಳಿದೆ. ಅವಳ ಅಪ್ಪ ಕಲಬುರಗಿಯಿಂದ ಬಂದು ಮೂಟೆ ಹೊತ್ತವರು. ಅವಳು ನಮ್ಮ ಸಂಜೆ ಪಾಠದಲ್ಲೇ ಓದಿ, ಈಗ ಥಾಣೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಅಧ್ಯಕ್ಷರಾದ ಸದಾನಂದಣ್ಣನಿಗೆ ಖುಷಿಯೋ ಖುಷಿ. “ಬರ್ಲಿ ಮೇಡಂ, ಆ ಕಡೆಯವರು ಒಬ್ಬರು ಬೇಕೇ ಬೇಕು.” ಮನಸ್ಸಿನಿಂದಲೇ ಹೇಳಿದ್ದು. ಆ ಮಕ್ಕಳೆಂದರೆ ಅವರಿಗೆ ಜೀವ.

ಹಾಗೆ ಭಾನುವಾರ ರೇಣುಕಾ ಬಂದಳು. ಮೊದಲು ಮೀಟಿಂಗ್ ನೋಡಲಿ, ಆಮೇಲೆ ಒಪ್ಪಿಗೆ ಕೊಡಲಿ ಎಂದು ಮಾತಾಗಿತ್ತು. ಸ್ವಾಗತ ಕನ್ನಡದಲ್ಲಿ. ಹಿಂದಿನ ಸಭೆಯ ವರದಿ ಅಚ್ಚಗನ್ನಡದಲ್ಲಿ. ಆಮೇಲೆ ಮುಖ್ಯ ವಿಷಯ ಬಂತು: ಕಳವಾ ಊರಿನ ಪಾಠವನ್ನು ಕಲ್ಯಾಣದ ನಮ್ಮ ಹಾಲಿಗೇ ತಂದುಬಿಟ್ಟರೆ ಹೇಗೆ?

ಅಲ್ಲಿಂದ ಮುಂದೆ ಎಲ್ಲ ತುಳು!

ಕಪಟವೇನೂ ಇರಲಿಲ್ಲ. ಮಾತು ಬಿಸಿಯಾದರೆ ನಾಲಗೆ ಮನೆ ಕಡೆ ಓಡುತ್ತದೆ, ಅಷ್ಟೆ. ಆದರೆ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲರೂ ಮರಾಠಿಗೆ ಜಾರಿದಾಗ ನಾವು ಮನೆಗೆ ಬಂದು ಎಷ್ಟು ಗೊಣಗುತ್ತೇವೆ, ನೆನಪಿದೆಯೇ?

ನನಗೆ ತುಳು ಮುಕ್ಕಾಲು ಪಾಲು ತಿಳಿಯುತ್ತದೆ. ಪಾಸಾದದ್ದು ಏನೆಂದು ರೇಣುಕಾಳಿಗೆ ಹೇಳಿದೆ. ಅವಳ ಮುಖ ಕೆಂಪಾಯಿತು. ನೇರ ಅಧ್ಯಕ್ಷರನ್ನೇ ಕೇಳಿದಳು.

“ಸರ್, ಕ್ಲಾಸು ಕಲ್ಯಾಣಕ್ಕ ಬರ್ತದಂತಲ್ರಿ?”

“ಹೌದು ಮಗಾ, ನಾವು ತೀರ್ಮಾನ ಮಾಡಿದೆವು. ಇಲ್ಲಿ ಎ.ಸಿ. ಉಂಟು, ಕುರ್ಚಿ ಉಂಟು.”

“ನಾವು ಅಂದ್ರ ಯಾರ್ರಿ? ನಾನೂ ಅದೀನೇನ್ರಿ ಅದ್ರಾಗ?”

ಸದಾನಂದಣ್ಣ ನನ್ನ ಮುಖ ನೋಡಿದರು. ನನ್ನ ಬಾಯಿ ಸುಮ್ಮನಿರುತ್ತದೆಯೇ? “ಅಣ್ಣ, ಇದೇ ಮಾತನ್ನು ತುಳುವಿನಲ್ಲಿ ಹೇಳಿ ನೋಡೋಣ” ಎಂದೆ.

ಯಾಕೆಂದರೆ ಕನ್ನಡದ ‘ನಾವು’ ಬಲು ಜಾಣ ಪದ. ಎದುರಿಗಿರುವವರು ಅದರೊಳಗಿದ್ದಾರೋ ಇಲ್ಲವೋ ಎಂದು ಬಾಯಿ ಬಿಡುವುದಿಲ್ಲ. ತುಳು ಹಾಗಲ್ಲ. ಅಲ್ಲಿ ‘ನಾವು’ ಎರಡು. ನಿಮ್ಮನ್ನೂ ಸೇರಿಸಿಕೊಂಡರೆ ‘ನಮ’. ನಿಮ್ಮನ್ನು ಬಿಟ್ಟು ಉಳಿದವರಾದರೆ ‘ಎಂಕುಲು’. ಮಾತಾಡುವವರು ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಸದಾನಂದಣ್ಣ ಕನ್ನಡಕ ತೆಗೆದು ಒರೆಸಿದರು. ಅವರು ಸುಳ್ಳು ಹೇಳುವವರಲ್ಲ.

“ಎಂಕುಲು” ಎಂದರು, ಮೆಲ್ಲಗೆ. ಕನ್ನಡಕ ಮತ್ತೆ ಏರಿಸಿ, “ಮೊದಲಿಂದ ಮಾತಾಡುವ. ಕನ್ನಡದಲ್ಲಿ. ನೀನು ಹೇಳು ಮಗಾ.”

ರೇಣುಕಾ ಹೇಳಿದಳು. “ಸಂಜೀಕ ಕಲ್ಯಾಣದ ಗಾಡ್ಯಾಗ ದೊಡ್ಡೋರೇ ಬಾಗಲಕ್ಕ ಜೋತ್ ಬಿದ್ದು ಬರ್ತಾರ. ಸಣ್ಣ ಹುಡುಗ್ರು ಹ್ಯಾಂಗ ಹತ್ತಬೇಕ್ರಿ? ಅವ್ವ ಅಪ್ಪ ಕೆಲಸ ಬಿಟ್ಟು ಕರ್ಕೊಂಡ್ ಬರ್ತಾರೇನು? ಏಕ್ ಭೀ ನಹೀ ಆಯೇಗಾ, ಸರ್!” (ಒಂದು ಮಗುವೂ ಬರುವುದಿಲ್ಲವಂತೆ. ಸಿಟ್ಟು ಬಂದರೆ ಅವಳ ನಾಲಗೆ ಹಿಂದಿ ಕಡೆ ಓಡುತ್ತದೆ.)

ನಮ್ಮ ಹಾಲ್ ನಮಗೆ ಹತ್ತಿರ ಎಂಬುದಷ್ಟೇ ನಮ್ಮ ತಲೆಯಲ್ಲಿತ್ತು. ಮಕ್ಕಳಿಗೆ ಅದು ಎಷ್ಟು ದೂರ ಎಂದು ಒಬ್ಬರೂ ಯೋಚಿಸಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಠರಾವು ರದ್ದಾಯಿತು. ಪಾಠ ಕಳವಾ ಊರಿನಲ್ಲೇ ಉಳಿಯಿತು.

ಹೊಸ ಟ್ರಸ್ಟಿ ಬೇಕೆಂದಾಗ ನಾವು ಏನೇನು ನೋಡುತ್ತೇವೆ? ಡಿಗ್ರಿ, ಕಾಂಟ್ಯಾಕ್ಟು, ಕೊಡುವ ಕೈ. ಬಂದವರು ಬಾಯಿ ತೆರೆಯಲು ನಮ್ಮ ಮಾತಿನ ನಡುವೆ ಸಂದು ಇದೆಯೇ ಎಂದು ನೋಡಿಕೊಂಡವರಿದ್ದಾರೆಯೇ? ಒಂದು ಕುರ್ಚಿ ಎಳೆದು ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡರೆ ನಮ್ಮ ಕೆಲಸ ಮುಗಿಯಿತು.

ಕೊನೆಗೆ ಸದಾನಂದಣ್ಣನೇ ಕೇಳಿದರು, “ಹಾಗಾದರೆ ಟ್ರಸ್ಟಿ ಆಗ್ತೀಯಲ್ಲ ಮಗಾ?”

“ಒಬ್ಬಾಕೀನ ಬಂದ್ರ ನಾ ಬರೇ ಗೆಸ್ಟ್ ಆಗ್ತೀನ್ರಿ. ನಮ್ಮ ಕಡೀಯವ್ರು ಇನ್ನೊಬ್ರನ್ನ ತಗೋರಿ, ಆಗ ಬರ್ತೀನಿ.”

ಮೆಟ್ಟಿಲು ಇಳಿಯುವಾಗ ಸದಾನಂದಣ್ಣ ನನ್ನನ್ನು ಬದಿಗೆ ಕರೆದರು. ಮುಖದಲ್ಲಿ ನಿಜವಾದ ಚಿಂತೆ. “ಅಲ್ಲ ಮೇಡಂ, ಅವರು ಇಬ್ಬರಾಗಿ, ಅವರವರೊಳಗೇ ಮಾತಾಡಿಕೊಂಡರೆ ನಮಗೆ ಎಂತ ಗೊತ್ತಾಗುವುದು?”

ಈಗ ಗೊತ್ತಾಯಿತೇ, ಅಣ್ಣ?