ತಿಳಿನೀರಿನ ಕಾಕು

ಸೊಸೆ ನನ್ನ ಇನ್ಸುಲಿನ್ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಸೂಜಿ ಕುದಿಸಲು ಹೋಗಿದ್ದಳು. ಬಾಟಲಿಯೊಳಗಿನ ಔಷಧ ಎರಡಾಗಿ ನಿಂತಿತ್ತು. ಮೇಲೆ ನೀರಿನಂಥ ತಿಳಿ, ತಳದಲ್ಲಿ ಸುಣ್ಣದಂಥ ಬಿಳಿ. ನೋಡುತ್ತಲೇ ಅಕ್ಕಲಕೋಟದ ಕಾಕು ಕಣ್ಣೆದುರು ಬಂದರು… ಈ ವಯಸ್ಸಿನಲ್ಲೂ ನಾಚಿಕೆಯಿಂದ ಮುಖ ಬಿಸಿಯಾಯಿತು.

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಅಕ್ಕಲಕೋಟಕ್ಕೆ ಬಂದ ಹೊಸತು. ಪಕ್ಕದ ಮನೆಯಾಕೆಯನ್ನು ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು; ನೀರಿಗೆ ಹೆಸರಾದವರು. ಬಾವಿಯ ರಾಡಿ ನೀರಿಗೆ ಪಟಿಕ ಆಡಿಸಿ, ಅಲುಗದಂತೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳುತ್ತಿದ್ದರು. ತಳದ್ದು ತುಳಸಿಗೆ. ಕೊಡ ಅಲುಗಿಸಿದವರಿಗೆ ಬೈಗುಳ ತಪ್ಪಿದ್ದಲ್ಲ, ನಾನೂ ತಿಂದಿದ್ದೇನೆ. ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಕುಡಿಯುವ ನೀರು ಅವರಲ್ಲಿಂದಲೇ ಹೋಗಬೇಕು. ಆ ಹೆಮ್ಮೆ ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಅವರ ಯಜಮಾನರಾದ ಕಾಕಾಗೆ ಸಕ್ಕರೆ ಕಾಯಿಲೆ. ಸೂಜಿ ಹಾಕುವುದನ್ನು ಕಾಕುವೇ ಕಲಿತಿದ್ದರು. ಮೊದಲಿನ ಔಷಧ ತಿಳಿಯಾಗಿತ್ತು, ದಿನಕ್ಕೆ ಹಲವು ಸಲ ಚುಚ್ಚಬೇಕಿತ್ತು. ಆಮೇಲೆ ಸೊಲ್ಲಾಪುರದಿಂದ ಹೊಸದು ಬಂತು. ದಿನಕ್ಕೊಂದೇ ಸಲ ಸಾಕು ಎಂದಷ್ಟೇ ಹೇಳಿ, ತಂದುಕೊಟ್ಟ ಕಾಕುವಿನ ಮೈದುನ ಹೊಲಕ್ಕೆ ಹೋದ. ಕಾಕು ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಿಗೆಂದು ನೀರಿನ ಕೊಡಗಳ ನಡುವೆ ಇಟ್ಟರು. ತಳದಲ್ಲಿ ಕೂತ ಬಿಳಿಯನ್ನು ನನಗೆ ತೋರಿಸಿ, ದೊಡ್ಡ ಊರಿನ ಔಷಧದಲ್ಲೂ ರಾಡಿ ಇರುತ್ತದೆ ನೋಡು ಎಂದು ನಕ್ಕರು. ಬಗ್ಗಿಸಿದರೆ ಕದಡೀತೆಂದು ಬಾಟಲಿಯನ್ನು ನೆಟ್ಟಗೇ ಹಿಡಿದು, ಮೇಲಿನ ತಿಳಿಯನ್ನೇ ಎಳೆಯುತ್ತಿದ್ದರು. ತಳದ್ದು ಮತ್ತೆ ತುಳಸಿಗೆ.

ಕಾಕಾ ಸೊರಗುತ್ತ ಹೋದರು. ದಾಹ ತಡೆಯದೆ ತಂಬಿಗೆಗಟ್ಟಲೆ ನೀರು ಕುಡಿದರು. ಕಾಕು ತಮ್ಮ ತಿಳಿನೀರನ್ನು ಕೊಡುತ್ತಲೇ ಇದ್ದರು. ಒಂದು ದಿನ ಎಬ್ಬಿಸಿದರೆ ಕಾಕಾ ಏಳಲೇ ಇಲ್ಲ… ಮೋಟಾರಿನಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಒಯ್ದೆವು. ಕಾಕುಗೆ ಜೊತೆಯಾಗಿ ನಾನೂ ಹೋಗಿದ್ದೆ. ಸೊಲ್ಲಾಪುರದ ಹತ್ತಿರದ ಕುಂಭಾರಿ ಊರು ದಾಟುವವರೆಗೂ ಅವರು ಗಂಡನ ತುಟಿಗೆ ನೀರು ಸವರುತ್ತಿದ್ದರು.

ಕಾಕಾ ಕಣ್ಣು ಬಿಟ್ಟ ಮೇಲೆ ಡಾಕ್ಟರು, ಮನೆಯಲ್ಲಿ ಔಷಧ ಹೇಗೆ ಕೊಡುತ್ತಿದ್ದಿರಿ, ಮಾಡಿ ತೋರಿಸಿ ಎಂದರು. ಕಾಕು ಹೆಮ್ಮೆಯಿಂದಲೇ ತೋರಿಸಿದರು. ಬಿಳಿ ತಳಕ್ಕೆ ಕೂರುವವರೆಗೆ ಕಾದರು, ಚೂರೂ ಕದಡದಂತೆ ಎಳೆದರು.

“ತಾಯಿ, ಔಷಧ ಎಲ್ಲಾ ತಳದಾಗ ಅದರಿ,” ಎಂದರು ಡಾಕ್ಟರು. “ಇದರಾಗ ಜಸ್ತ ಕೂಡಿಸ್ಯಾರ. ಅದಕ್ಕ ಬೆಳ್ಳಗ ಇರ್ತದ, ಮೈಯಾಗ ಸಾವಕಾಶ ಇಳೀತದ. ಕದಡೇ ಕೊಡಬೇಕು. ನೀವು ಬರೇ ನೀರು ಕೊಟ್ಟೀರಿ.”

ಜಸ್ತ ಎಂದರೆ ಸತು. ನಮಗೆ ಗೊತ್ತಿದ್ದದ್ದು ಬಕೆಟ್ಟಿಗೆ ಬಳಿಯುವ ಸತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಕು ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ನನಗೂ ತಲೆ ಎತ್ತಲಾಗಲಿಲ್ಲ. ಸೂಜಿ ನನ್ನ ಕೈಯಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮನೆಗೆ ಬಂದ ಮೇಲೆ ಅವರು ಸೂಜಿ ಮುಟ್ಟಲಿಲ್ಲ. ಬಾಗಿಲ ಹಿಂದೆ ನಿಂತೇ ಇದ್ದರು. ಕಾಕಾ ತೋಳು ಚಾಚಿ, “ನೀನ ಹಾಕು. ಬ್ಯಾರೆಯವರ ಕೈ ನನಗ ಬ್ಯಾಡ,” ಎಂದರು. ಕಾಕು ಬಂದು ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿದರು… ಪೂರ್ತಿ ಬೆಳ್ಳಗಾದ ಮೇಲೂ ಉರುಳಿಸುತ್ತಲೇ ಇದ್ದರು, ಅಳುತ್ತಿದ್ದರು.

ಕಾಕಾ ಇನ್ನೂ ಕೆಲವು ವರ್ಷ ಬದುಕಿದರು. ಆದರೆ ಓಣಿಗೆ ಕಾಕುವಿನ ನೀರು ನಿಂತುಹೋಯಿತು. ಬೀಗರು ಬಂದಾಗ ಕೇಳಲು ಹೋದರೆ, “ನನ್ನ ನೀರು ಬ್ಯಾಡವ್ವಾ,” ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಸೂಜಿ ನನ್ನ ಕೈಯಲ್ಲಿದ್ದರೆ ನಾನೂ ತಿಳಿಯನ್ನೇ ಎಳೆಯುತ್ತಿದ್ದೆ ಕಾಕೂ ಎಂದು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ… ಅವರೂ ಹೋಗಿ ಬಹಳ ಕಾಲವಾಯಿತು.

ಸೊಸೆ ಸೂಜಿ ತಂದಳು. ಬಾಟಲಿಯನ್ನು ನಾನೇ ಉರುಳಿಸುತ್ತೇನೆಂದು ಇಸಿದುಕೊಂಡೆ. ಬೆಳ್ಳಗಾಯಿತು, ಸಾಕು ಎಂದಳು. ನನಗೆ ನಿಲ್ಲಿಸಲಾಗಲಿಲ್ಲ.