ಧಾರೆ ಸೀರೆಗೆ ಗ್ರಾಫೈಟ್ ಪುಡಿ

ಸೋಂಪುರದ ಕಾರ್ಖಾನೆಯಲ್ಲಿ ನಾನು ಗ್ರಾಫೈಟ್ ಕೊರೆಯುತ್ತೇನೆ. ಪೆನ್ಸಿಲ್ಲಿನೊಳಗಿರುವ ಅದೇ ಕಪ್ಪು. ನಮ್ಮಲ್ಲಿಗೆ ದಿಮ್ಮಿಯಾಗಿ ಬಂದು, ಉಕ್ಕಿನ ಅಚ್ಚು ಮಾಡುವವರಿಗೆ ಎಲೆಕ್ಟ್ರೋಡ್ ಆಗಿ ಹೋಗುತ್ತದೆ. ನೀರು, ಎಣ್ಣೆ ಏನೂ ಬಿಡದೆ ಒಣಗಿದ್ದಂತೆಯೇ ಕೊರೆಯುತ್ತೇವೆ. ಏಳುವ ಪುಡಿಯನ್ನು ಪೈಪು ಎಳೆದುಕೊಳ್ಳುತ್ತದಂತೆ. ಎಷ್ಟು ಎಳೆದುಕೊಳ್ಳುತ್ತದೆ ಎಂದು ನನ್ನ ಮೂಗನ್ನು ಕೇಳಿ.

ಮದುವೆ ಗೊತ್ತಾದ ಮೇಲೆ ಈ ಪುಡಿ ನನ್ನ ಜೀವ ತಿಂದುಬಿಟ್ಟಿತು. ದೊಡ್ಡಬಳ್ಳಾಪುರದ ನಮ್ಮ ಮನೆಯ ನಡುವೆಯೇ ಪವರ್‌ಲೂಮ್ ಇದೆ. ಅದರಲ್ಲಿ ಅಪ್ಪ ನನ್ನ ಧಾರೆ ಸೀರೆ ನೇಯುತ್ತಿದ್ದ. ಕೆನೆ ಬಿಳಿ ಒಡಲು, ಕೆಂಪು ಅಂಚು. ಇಷ್ಟು ವರ್ಷ ಯಾರ್ಯಾರದೋ ಮದುವೆಗೆ ನೇಯ್ದವನು, ಮಗಳ ಸೀರೆಗೆ ಬೇರೆಯವರ ಕೈ ಸೋಕಿಸಲಿಲ್ಲ. ನಾನೂ ದಿನಾ ಹಿತ್ತಲಲ್ಲೇ ಯೂನಿಫಾರ್ಮ್ ಬಿಚ್ಚಿಟ್ಟು, ತಲೆಗೆ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದೆ. ನೆಗಡಿ ಬಿಟ್ಟ ದಿನವಿಲ್ಲ.

ಒಂದು ಭಾನುವಾರ, ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ ಹಿಡಿದುಕೊಳ್ಳತೊಡಗಿತು. ಎಣ್ಣೆ ಬಿಡಪ್ಪ ಎಂದೆ.

"ಬಿಳೀ ಸೀರೆ ಕಣಮ್ಮ. ಎಣ್ಣೆ ಹಾರಿದ್ರೆ ಕಲೆ ಆಯ್ತದೆ. ನಿಮ್ ಕಂಪ್ನೀಲಿ ಎಣ್ಣೆ ಇಲ್ದೆ ಹೆಂಗ್ ಮಾಡ್ತೀರಿ?"

"ಗ್ರಾಫೈಟೇ ಜಾರುತ್ತಪ್ಪ, ಅದಕ್ಕೆ ಎಣ್ಣೆ ಬೇಕಾಗಲ್ಲ," ಎಂದು ಹೇಳಿ, ರವಿಕೆ ಅಳತೆಗೆ ಟೈಲರ್ ಹತ್ತಿರ ಹೋದೆ.

ವಾಪಸು ಬಂದಾಗ ಮಗ್ಗ ಗಡಗಡ ಓಡುತ್ತಿತ್ತು. ಹಿತ್ತಲಲ್ಲಿ ನನ್ನ ಯೂನಿಫಾರ್ಮನ್ನು ಪೇಪರಿನ ಮೇಲೆ ಕೊಡವಿ, ಆ ಪುಡಿಯನ್ನು ಲಾಳಿ ಓಡುವ ದಾರಿಗೆಲ್ಲ ಉಜ್ಜಿದ್ದ ಮಹಾರಾಯ.

"ನೋಡು, ಎಷ್ಟು ಸಲೀಸಾಗಿ ಓಡ್ತೈತೆ. ಒಂದು ಹನಿ ಎಣ್ಣೆ ಇಲ್ಲ," ಎಂದ. ಲಾಳಿಯನ್ನೇ ನೋಡುತ್ತಿದ್ದ, ಬಟ್ಟೆಯನ್ನಲ್ಲ. ಲಾಳಿ ಹೋದಲ್ಲೆಲ್ಲ ಪುಡಿಯೂ ಹೋಗಿ, ಹೊಸದಾಗಿ ನೇಯ್ದಷ್ಟೂ ಗೆರೆ ಗೆರೆಯಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಮೈ ಪರಚಿಕೊಳ್ಳುವಂತಾಯಿತು. "ಕೇಳ್ಬಾರ್ದಾ ಒಂದು ಮಾತು?" ಎಂದು ಕೂಗಾಡಿದೆ. ಅಪ್ಪ ಮಗ್ಗ ನಿಲ್ಲಿಸಿ, ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಒಂದು ಗೆರೆಯನ್ನು ಉಜ್ಜಿದ. ಅದು ಇನ್ನಷ್ಟು ಅಗಲವಾಯಿತು. ಅಮ್ಮ ಸೋಪಿನ ನೀರು ತಂದು ನೋಡಿದಳು. ಅದೂ ಆಗಲಿಲ್ಲ. ಮಗ್ಗಕ್ಕೆ ಹೊಸದಾಗಿ ಹಾಸು ನೂಲು ಏರಿಸಿ ನೇಯಲು ಮದುವೆಗೆ ದಿನ ಉಳಿದಿರಲಿಲ್ಲ.

ಕೊನೆಗೆ ನೇಕಾರನ ಮಗಳ ಧಾರೆ ಸೀರೆಗೆ ನಾವೂ ಅಂಗಡಿ ಮೆಟ್ಟಿಲು ಹತ್ತಿದೆವು. ನನಗಿನ್ನೂ ಸಿಟ್ಟು ಇಳಿದಿರಲಿಲ್ಲ, ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಅಂಗಡಿಯವನು ಬಿಡಿಸಿ ಹಾಕಿದ ಸೀರೆಗಳಲ್ಲಿ ಒಂದನ್ನೂ ಅಪ್ಪ ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಂತಿದ್ದ.

"ಬೆಳಕಿಗೆ ಹಿಡಿದು ನೀನೇ ನೋಡ್ಕೊಳಮ್ಮ," ಎಂದ. "ನಾನು ಮುಟ್ಟಲ್ಲ. ಕಲೆ ಆಯ್ತದೆ."