ಬಲಕ್ಕೆ ಎಳೆಯುವ ಟ್ರಕ್ಕು

ಹ್ಯನ್ ಸುನ್‌ಸೆಂಗ್ ಅವರಿಗೆ ಎಪ್ಪತ್ತನಾಲ್ಕು ವರ್ಷ. ಜೇಜು ದ್ವೀಪದ ತೆಂಕಣ ಬದಿಯ ನಮ್ಮ ಊರಿನಲ್ಲಿ ಆ ವಯಸ್ಸಿನ ಹೆಂಗಸರಲ್ಲಿ ಟ್ರಕ್ಕು ಓಡಿಸುವವರು ಅವರೊಬ್ಬರೇ. ಗಂಡ ಇದ್ದಾಗ ಕೊಂಡ ಒಂದು ಟನ್ನಿನ ನೀಲಿ ಟ್ರಕ್ಕು ಅದು. ಗಂಡ ತೀರಿಕೊಂಡ ಮೇಲೆ ಲೈಸೆನ್ಸ್ ಪರೀಕ್ಷೆಗೆ ಹೋಗಿ, ಎರಡು ಸಲ ಫೇಲಾಗಿ ಆಮೇಲೆ ಪಾಸಾದರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಕಿತ್ತಳೆ ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ತಮ್ಮ ಓರಗೆಯ ಹೆಂಗಸರನ್ನು ಮನೆಮನೆಯಿಂದ ಹತ್ತಿಸಿಕೊಂಡು ತೋಟಕ್ಕೆ ಬಿಡುತ್ತಾರೆ. ಸಂಜೆ ಹಣ್ಣಿನ ಪೆಟ್ಟಿಗೆಗಳನ್ನು ಸಹಕಾರ ಸಂಘದ ಶೆಡ್ಡಿಗೆ ಒಯ್ಯುತ್ತಾರೆ. ಆ ಟ್ರಕ್ಕು ನಿಂತರೆ ಆ ಮುದುಕಿಯರಿಗೆ ಕೂಲಿಗೆ ಹೋಗುವುದೇ ಕಷ್ಟ.

ಹೋದ ನವೆಂಬರಿನಲ್ಲಿ ಅದು ನಿಲ್ಲುವ ಹಾಗೆಯೇ ಆಗಿತ್ತು. ಅವರ ಮಗ ಇನ್‌ಬೊ ಬಸ್ ಡ್ರೈವರು. ಒಂದು ರಜೆಯ ದಿನ ತಾಯಿಯ ಪಕ್ಕದಲ್ಲಿ ಕೂತು ಶೆಡ್ಡಿಗೆ ಹೊರಟಿದ್ದ. ರಸ್ತೆಯ ಬಲಕ್ಕೆ ಉದ್ದಕ್ಕೂ ಕರಿಕಲ್ಲಿನ ಗೋಡೆ. ಟ್ರಕ್ಕು ಮೆಲ್ಲಗೆ ಗೋಡೆಯ ಕಡೆಗೆ ಸರಿಯುವುದು, ಸುನ್‌ಸೆಂಗ್ ಅದನ್ನು ಎಳೆದು ತರುವುದು, ಅದು ಮತ್ತೆ ಸರಿಯುವುದು, ಹೀಗೇ ನಡೆದಿತ್ತು.

“ಅಮ್ಮಾ, ಗೋಡೆ! ಗೋಡೆ!”

“ಕಾಣ್ತಿದೆ ಕಣೋ. ನಿನ್ನ ಹೆರೋಕ್ಕಿಂತ ಮುಂಚಿಂದ ಆ ಗೋಡೆ ನೋಡ್ತಿದೀನಿ.”

“ಮತ್ಯಾಕೆ ಹತ್ರ ಹೋಗ್ತೀಯ?”

“ನಾನೆಲ್ಲಿ ಹೋಗ್ತಿದೀನಿ? ಇದು ಹೋಗ್ತಿದೆ.”

ಇನ್‌ಬೊ ನಂಬಲಿಲ್ಲ. ಊಟಕ್ಕೆ ಕೂತಾಗ ಮಾತು ತೆಗೆದ. ಅಮ್ಮನ ಕೈ ಸೋತಿದೆ, ವಯಸ್ಸಾದವರು ಎಷ್ಟೋ ಜನ ಲೈಸೆನ್ಸ್ ವಾಪಸು ಕೊಡುತ್ತಿದ್ದಾರೆ, ಅಮ್ಮನೂ ಕೊಟ್ಟುಬಿಡಲಿ ಎಂದ. ಸುನ್‌ಸೆಂಗ್ ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಲೇ ಕೇಳಿಸಿಕೊಂಡರು.

“ನಾಳೆ ನೀನೇ ಓಡ್ಸು. ಗೋಡೆ ಕಡೆ ಹೋಗ್ದೆ ಬಂದ್ರೆ ಕೊಟ್ಬಿಡ್ತೀನಿ.”

ಮರುದಿನ ಇನ್‌ಬೊ ಓಡಿಸಿದ. ಊರು ದಾಟುವ ಮೊದಲೇ ಬಲಗಡೆಯ ಕನ್ನಡಿ ಕಲ್ಲಿಗೆ ತಾಗಿ ಮಡಚಿಕೊಂಡಿತು.

“ನಿಂಗೂ ವಯಸ್ಸಾಯ್ತೇನೋ?” ಎಂದರು ತಾಯಿ.

ಅಲ್ಲಿಂದ ಇಬ್ಬರೂ ನೇರ ಬು ದೊಕ್ಸುವಿನ ಟೈರಂಗಡಿಗೆ ಹೋದರು. ದೊಕ್ಸು ಮುಂದಿನ ಬಲ ಚಕ್ರದ ಹಿಂದೆ ಕೈ ತೂರಿಸಿ ಟೈರನ್ನು ಸವರಿದ. ಹೊರಗಿನ ಅಂಚಿನಲ್ಲಿ ಗೆರೆಗಳು ಹೊಸದರಂತೆಯೇ ಇದ್ದವು. ಒಳಗಿನ ಅಂಚು ಮಾತ್ರ ನುಣ್ಣಗಾಗಿ ತಂತಿ ಕಾಣುತ್ತಿತ್ತು.

“ಸಮ್ಚುನ್, ಇದು ಹೋದ್ವರ್ಷ ಹಾಕಿದ್ದಲ್ವಾ?” ನಮ್ಮ ಕಡೆ ಹಿರಿಯರು ಗಂಡಾಗಲಿ ಹೆಣ್ಣಾಗಲಿ, ಎಲ್ಲರೂ ಸಮ್ಚುನ್ನೇ.

“ಹೂಂ. ಸವೆಯೋಕೆ ಶುರುವಾದಾಗ ಎಡಗಡೇದನ್ನ ಬಲಕ್ಕೆ, ಬಲಗಡೇದನ್ನ ಎಡಕ್ಕೆ ಹಾಕ್ಸಿದ್ನಲ್ಲ.”

“ಚಪ್ಪಲಿ ಅದ್ಲುಬದ್ಲು ಮಾಡಿದ್ರೆ ಕುಂಟು ಹೋಗುತ್ತಾ?”

ಗಾಡಿಯನ್ನು ಮೇಲೆತ್ತಿ ನೋಡಿದಾಗ ಬಲಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಹಿಂದಕ್ಕೆ ಬಾಗಿತ್ತು. ಅದರಿಂದ ಚಕ್ರ ಸೊಟ್ಟಗೆ ನಿಂತಿತ್ತು. ಗಾಡಿ ಬಲಕ್ಕೆ ಎಳೆಯುವುದಕ್ಕೂ ಟೈರಿನ ಒಳಗಂಚು ಸವೆಯುವುದಕ್ಕೂ ಅದೇ ಕಾರಣ. ಆರ್ಮ್ ಯಾಕೆ ಬಾಗಿತು ಎಂದು ಯೋಚಿಸಬೇಕಾದ್ದೇ ಇರಲಿಲ್ಲ. ನಮ್ಮ ಓಣಿಗಳಲ್ಲಿ ಗಾಡಿ ನಿಲ್ಲಿಸುವವರು ಗೋಡೆಯ ಬುಡದ ಕಲ್ಲುಕಟ್ಟೆಯ ಮೇಲೆ ಬಲಚಕ್ರ ಹತ್ತಿಸಿ, ಹಿಂದಿನವರಿಗೆ ದಾರಿ ಬಿಡಬೇಕು. ಹತ್ತಿಸದವರನ್ನು ಸೊಕ್ಕಿನವರು ಎನ್ನುತ್ತಾರೆ. ಸುನ್‌ಸೆಂಗ್ ಒಬ್ಬೊಬ್ಬ ಗೆಳತಿಯ ಬಾಗಿಲಲ್ಲೂ ಹತ್ತಿಸುತ್ತಿದ್ದರು.

“ಮರ್ಯಾದೆ ಮಾಡಿ ಮಾಡಿ ಗಾಡಿ ಹಾಳು ಮಾಡ್ಕೊಂಡ್ರಿ” ಎಂದ ದೊಕ್ಸು.

“ಹಾಗಾದ್ರೆ ಊರಿನ ಟ್ರಕ್ಕೆಲ್ಲಾ ನಿನ್ನತ್ರ ಬರ್ಬೇಕಿತ್ತು.”

“ಬರ್ತಾವೆ ಸಮ್ಚುನ್. ನಿಮ್ದು ಸ್ವಲ್ಪ ಜಾಸ್ತಿ ಮರ್ಯಾದಸ್ಥ ಗಾಡಿ.”

ಹೊಸ ಆರ್ಮ್ ಬಂತು, ಹೊಸ ಟೈರು ಹಾಕಿದ್ದಾಯಿತು, ಅಲೈನ್‌ಮೆಂಟೂ ಆಯಿತು. ಇನ್‌ಬೊ “ತಪ್ಪಾಯ್ತಮ್ಮ” ಎಂದ. ಸುನ್‌ಸೆಂಗ್ ಸ್ಟೀರಿಂಗ್ ಹಿಡಿದು ಮನೆಗೆ ಹೊರಟರು. ದೊಡ್ಡ ರಸ್ತೆಗೆ ಬಂದದ್ದೇ ಟ್ರಕ್ಕು ಎಡಕ್ಕೆ ಸರಿದು ಹಳದಿ ಗೆರೆ ದಾಟಿತು. ಎದುರಿನಿಂದ ಬಂದ ಲಾರಿ ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹೋಯಿತು.

ಸುನ್‌ಸೆಂಗ್ ಗಾಡಿ ನಿಲ್ಲಿಸಿ ಕೀ ತೆಗೆದು ಇನ್‌ಬೊನ ಕೈಗೆ ಕೊಟ್ಟರು.

“ಈಗ ಹೋಗಿದ್ದು ಇದಲ್ಲ, ನಾನೇ.”

ಬಲಕ್ಕೆ ಎಳೆಯುವ ಗಾಡಿಯನ್ನು ವರ್ಷಗಟ್ಟಲೆ ಎಡಕ್ಕೆ ಎಳೆದು ಹಿಡಿದ ಕೈಗಳು ಅವು. ಗಾಡಿ ನೆಟ್ಟಗಾದದ್ದು ಅವುಗಳಿಗಿನ್ನೂ ಗೊತ್ತಾಗಿರಲಿಲ್ಲ.

ಮರುದಿನ ಕೀ ಇನ್‌ಬೊನ ಜೇಬಿನಲ್ಲೇ ಇತ್ತು. ತೋಟಕ್ಕೆ ಹೋಗುವ ಹೆಂಗಸರು ಕತ್ತರಿ, ಕೈಗವುಸು ಹಿಡಿದು ತಂತಮ್ಮ ಬಾಗಿಲಿಗೆ ಬಂದರು, ಕಾದರು, ಕೊನೆಗೆ ನಡೆದೇ ಹೋದರು. ಸುನ್‌ಸೆಂಗ್ ಕೂಡ ಆ ಹೆಂಗಸರ ಹಿಂದೆಯೇ ನಡೆದರು. ಸಂಜೆ ಇನ್‌ಬೊ ತಾನಾಗಿಯೇ ಕರೆದ.

“ನಡಿಯಮ್ಮ, ಬಂದರಿನ ರಸ್ತೆ ಖಾಲಿ ಇರುತ್ತೆ.”

ಅಲ್ಲಿ ಅವನು ಪಕ್ಕದಲ್ಲಿ ಕೂತು ಹೇಳಿಕೊಟ್ಟ. “ಬಿಗಿಯಾಗಿ ಹಿಡೀಬೇಡ. ಬೆರಳಲ್ಲಿ ಹಿಡಿ ಸಾಕು.”

“ಬೆರಳಲ್ಲಿ ಹಿಡಿಯೋಕೆ ಇದೇನು ಊಟದ ಕಡ್ಡಿನಾ?”

“ಹಾಗೇ ಅಂದ್ಕೋ. ಎಡ, ಎಡ ಹೋಗ್ತಿದೀಯ! ಬಿಡು, ಅದೇ ಹೋಗುತ್ತೆ.”

ಹೀಗೆ ಕೆಲವು ದಿನ ನಡೆಯಿತು. “ಎಡ” ಎಂದು ಕೂಗುವುದು ಬರಬರುತ್ತಾ ಕಡಿಮೆಯಾಗಿ, ಒಂದು ಸಂಜೆ ಪೂರ್ತಿ ನಿಂತಿತು.

ಮುಂದಿನ ರಜೆಯ ದಿನ ಸುನ್‌ಸೆಂಗ್ ಪೆಟ್ಟಿಗೆ ತುಂಬಿಕೊಂಡು ಶೆಡ್ಡಿಗೆ ಹೊರಟರು. ಇನ್‌ಬೊ ಜೊತೆಗೆ ಹತ್ತಿದ. ಓಣಿಯಲ್ಲಿ ಒಂದು ಮನೆಯ ಪೆಟ್ಟಿಗೆ ಹೇರಿಕೊಳ್ಳಲು ನಿಂತಾಗ ಅವರು ಚಕ್ರವನ್ನು ಕಟ್ಟೆಗೆ ಹತ್ತಿಸಲಿಲ್ಲ. ಹಿಂದೆ ಪವರ್ ಟಿಲ್ಲರ್ ನಿಂತಿತು.

“ಏನ್ ಸಮ್ಚುನ್, ದಾರಿ ನಿಮ್ದೇನಾ?”

“ಒಂಚೂರು ಕಾಯಪ್ಪ. ಇಷ್ಟು ಹಾಕ್ಕೊಂಡು ಹೊರಡ್ತೀನಿ.”

ಗೋಡೆಯ ರಸ್ತೆ ಬಂತು. ಇನ್‌ಬೊ ಮೊದಲು ಕಲ್ಲುಗಳನ್ನೇ ನೋಡುತ್ತಿದ್ದ. ಆಮೇಲೆ ಫೋನು ನೋಡಿದ. ಶೆಡ್ಡಿನ ಮುಂದೆ ಗಾಡಿ ನಿಂತಾಗ ಅವನು ಗಾಜಿಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಸುನ್‌ಸೆಂಗ್ ಇಂಜಿನ್ ಆರಿಸಿ, ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡು, ಅವನ ಭುಜ ತಟ್ಟಿದರು.

“ಏಯ್, ಇಳಿ. ಪೆಟ್ಟಿಗೆ ನಾನೇ ಇಳಿಸ್ಬೇಕಾ?”